ವೆಂಕಟಪ್ಪ, ರಾಮ್‌ಕಿಂಕರ್: ಉಳಿದದ್ದು ಯಾರ ಪಾಲಿಗೆ?

ಎಲ್ಲರಿಗೂ ನಮಸ್ಕಾರ. ಆಧುನಿಕ ಭಾರತೀಯ ಕಲಾವಿದರ ಬದುಕು ಮತ್ತು ಅವರು ಬಿಟ್ಟುಹೋದದ್ದರ ಬಗ್ಗೆ ಮಾತಾಡಿ ಎಂದಿದ್ದೀರಿ. ರವಿವರ್ಮನಿಂದ ಹುಸೇನರವರೆಗೆ ಹೆಸರು ಹೇಳುತ್ತಾ ಹೋದರೇ ಗಂಟೆ ಮುಗಿದುಹೋಗುತ್ತದೆ, ಮನೆಗೆ ಹೋಗುವಾಗ ಒಬ್ಬರೂ ನೆನಪಿನಲ್ಲಿರುವುದಿಲ್ಲ. ಹಾಗಾಗಿ ಇವತ್ತು ಇಬ್ಬರನ್ನು ಮಾತ್ರ ಹಿಡಿದುಕೊಳ್ಳುತ್ತೇನೆ. ಒಬ್ಬರು ನಮ್ಮ ಮೈಸೂರಿನ ಕೆ. ವೆಂಕಟಪ್ಪ. ಇನ್ನೊಬ್ಬರು ಬಂಗಾಳದ ಬಾಂಕುಡಾದವರು, ರಾಮ್‌ಕಿಂಕರ್ ಬೈಜ್. ಮೊದಲನೆಯವರು ತಮ್ಮ ಕೃತಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದರು. ಎರಡನೆಯವರು ಮಾಡಿದ್ದನ್ನು ಬಿಸಿಲು ಮಳೆಗೆ ಬಿಟ್ಟು ಮುಂದಿನ ಕೆಲಸಕ್ಕೆ ಹೋದರು. ಇಷ್ಟಾಗಿಯೂ ಜನರ ಕಣ್ಣಿನಲ್ಲಿ ಗಟ್ಟಿಯಾಗಿ ನಿಂತದ್ದು ಎರಡನೆಯವರ ಕೆಲಸವೇ. ನಮ್ಮ ವೆಂಕಟಪ್ಪನವರು ಹೆಚ್ಚಿನವರಿಗೆ ಬೆಂಗಳೂರಿನ ಒಂದು ಕಟ್ಟಡದ ಹೆಸರಾಗಿ ಉಳಿದಿದ್ದಾರೆ. ಹೀಗೇಕಾಯಿತು ಅನ್ನುವುದೇ ಇವತ್ತಿನ ಮಾತು.

ಇವರಿಬ್ಬರನ್ನು ನಾನು ಸುಮ್ಮನೆ ಜೋಡಿ ಮಾಡಿಲ್ಲ. ವೆಂಕಟಪ್ಪನವರು 1909ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋದರು. ಅಲ್ಲಿ ಬಂಗಾಳ ಶೈಲಿಯ ಚಿತ್ರಕಲೆಗೆ ಹಾದಿ ಹಾಕಿದ ಅವನೀಂದ್ರನಾಥ ಟಾಗೋರರ ಶಿಷ್ಯರಾದರು. ಅದೇ ಗುರುವಿನ ಇನ್ನೊಬ್ಬ ಶಿಷ್ಯ ನಂದಲಾಲ್ ಬೋಸ್. ಮುಂದೆ ಶಾಂತಿನಿಕೇತನದ ಕಲಾಭವನದಲ್ಲಿ ರಾಮ್‌ಕಿಂಕರರಿಗೆ ಪಾಠ ಹೇಳಿದ್ದು ಇದೇ ನಂದಲಾಲರು. ಮನೆತನದ ಲೆಕ್ಕ ಹಾಕಿದರೆ ವೆಂಕಟಪ್ಪನವರು ರಾಮ್‌ಕಿಂಕರರಿಗೆ ಚಿಕ್ಕಪ್ಪ ಆಗಬೇಕು. ಸ್ವಭಾವದಲ್ಲಿ ಮಾತ್ರ ಒಬ್ಬರು ಪೂರ್ವ, ಇನ್ನೊಬ್ಬರು ಪಶ್ಚಿಮ.

ವೆಂಕಟಪ್ಪನವರು ಅರಮನೆಗೆ ಚಿತ್ರ ಬರೆಯುತ್ತಿದ್ದ ಚಿತ್ರಗಾರರ ವಂಶದವರು. ಕುಂಚ ಹಿಡಿಯುವುದು ಅವರಿಗೆ ಮನೆಯ ಕಸುಬು. ಕಲ್ಕತ್ತೆಗೆ ಹೋದ ಮೇಲೆ ಅದೇ ಕೈ ಹೊಸದೊಂದು ಶಿಸ್ತಿಗೆ ಒಗ್ಗಿತು. ಬಂಗಾಳ ಶೈಲಿಯ ವಾಶ್ ಅಂದರೆ ಕಾಗದ ತೋಯಿಸುವುದು, ತೆಳ್ಳಗೆ ಬಣ್ಣ ಹಚ್ಚುವುದು, ಮತ್ತೆ ನೀರಿನಲ್ಲಿ ಅದ್ದುವುದು, ಒಣಗಿಸುವುದು, ಮತ್ತೆ ಹಚ್ಚುವುದು. ಆತುರದವರಿಗಲ್ಲ ಅದು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಸೇರಿ ಬರೆದ ಹಿಂದೂ–ಬೌದ್ಧ ಪುರಾಣಕಥೆಗಳ ಪುಸ್ತಕ 1913ರಲ್ಲಿ ಬಂದಾಗ ಅದರ ರಾಮಾಯಣದ ಭಾಗಕ್ಕೆ ವೆಂಕಟಪ್ಪನವರ ಚಿತ್ರಗಳಿದ್ದವು. ಇನ್ನೂ ಶಾಲೆಯಲ್ಲಿ ಕಲಿಯುತ್ತಿದ್ದ ಕಾಲವದು.

ಕಲ್ಕತ್ತೆಯಲ್ಲೇ ನಿಂತುಬಿಟ್ಟಿದ್ದರೆ ಅವರ ಕಥೆ ಬೇರೆಯಾಗುತ್ತಿತ್ತು ಅಂತ ನನಗೆ ಅನೇಕ ಸಲ ಅನ್ನಿಸಿದೆ. ಅವರು ಮೈಸೂರಿಗೆ ವಾಪಸಾದರು. ವೀಣೆ ಶೇಷಣ್ಣನವರ ಬಳಿ ವೀಣೆ ಕಲಿಯಲು ಕೂತರು. ಆ ಗೀಳು ಎಷ್ಟೆಂದರೆ ‘ವೀಣೆಯ ಹುಚ್ಚು’ ಅಂತ ತಮ್ಮದೇ ಅವಸ್ಥೆಯ ಚಿತ್ರ ಬರೆದುಕೊಂಡರು. ನಮ್ಮಲ್ಲಿ ತನ್ನನ್ನು ತಾನೇ ಲೇವಡಿ ಮಾಡಿಕೊಂಡ ಚಿತ್ರಕಾರರು ಕಡಿಮೆ. ವೆಂಕಟಪ್ಪನವರೆಂದರೆ ಬರೀ ಗಂಟುಮುಖದ ಮಡಿವಂತರು ಎಂದುಕೊಂಡವರು ಇದನ್ನೊಮ್ಮೆ ನೋಡಬೇಕು.

ಅವರ ಊಟಿ ಮತ್ತು ಕೊಡೈಕೆನಾಲಿನ ಜಲವರ್ಣಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದೇವರಿಲ್ಲ, ಪುರಾಣವಿಲ್ಲ, ಮನುಷ್ಯರೂ ಇಲ್ಲವೆನ್ನುವಷ್ಟು ಕಡಿಮೆ. ಕಣಿವೆಯಿಂದ ಮಂಜು ಏಳುವುದು, ಕೆರೆಯ ಮೇಲೆ ಬೆಳದಿಂಗಳು ಬೀಳುವುದು, ಇಷ್ಟೇ ಸಂಗತಿ. ಚಿಕ್ಕ ಕಾಗದಗಳು. ದೂರದಿಂದ ನೋಡಿದರೆ ಬರೀ ಹಬೆಯಾಡಿದ ಹಾಗಿರುತ್ತದೆ. ಹತ್ತಿರ ಹೋದರೆ ಮರಗಳ ತುದಿ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತದೆ. ಗುಡ್ಡದ ಅಂಚು ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಯಿತು ಅಂತ ಹುಡುಕಿದರೆ ಸಿಕ್ಕುವುದಿಲ್ಲ. ಚಿತ್ರಗಾರರ ಮನೆಯ ಸೂಕ್ಷ್ಮದ ಕೆಲಸ, ಅವನೀಂದ್ರರ ತೇವದ ಬಣ್ಣ, ಇವೆರಡೂ ಒಂದೇ ಕಾಗದದ ಮೇಲೆ ರಾಜಿಯಾಗಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವರು ಮದುವೆಯಾಗಲಿಲ್ಲ. ದಿನಚರಿ ಬರೆದಿಡುತ್ತಿದ್ದರು. ಮಾರಾಟಕ್ಕೆ ಮನಸ್ಸು ಕೊಟ್ಟವರಲ್ಲ. ಅರಮನೆಗೆ ಉಬ್ಬುಶಿಲ್ಪ ಮಾಡುವ ಕೆಲಸ ನಡೆಯುತ್ತಿದ್ದಾಗ, 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಆಮೇಲೆ ಅರಮನೆಗೂ ಇವರಿಗೂ ಕೆಟ್ಟಿತು. ಇವರು ಬೆಂಗಳೂರಿಗೆ ಬಂದರು, ಸಲ್ಲಬೇಕಾದ ಹಣಕ್ಕಾಗಿ ಅರಮನೆಯ ವಿರುದ್ಧ ಕೋರ್ಟಿಗೆ ಹೋದರು. ಇದನ್ನು ನಾವು ಜಗಳಗಂಟತನ ಅಂತ ಮರೆಮಾಚುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಅಪ್ಪ, ಅಜ್ಜ ಎಲ್ಲರೂ ದೊರೆ ಕೊಟ್ಟಷ್ಟು ಇಸಿದುಕೊಂಡು ಕೈಮುಗಿದ ಮನೆತನದಲ್ಲಿ ಒಬ್ಬ, ನನ್ನ ಕೆಲಸಕ್ಕೆ ಬೆಲೆ ಇದೆ, ಅದನ್ನು ಕೊಡಿ ಅಂತ ನ್ಯಾಯಾಧೀಶರ ಮುಂದೆ ನಿಂತದ್ದು ಸಣ್ಣ ಸಂಗತಿಯೇ? ಅವರ ಆಧುನಿಕತೆಯನ್ನು ಚಿತ್ರದಲ್ಲಿ ಹುಡುಕುವವರು ಕೋರ್ಟಿನ ಕಟಕಟೆಯಲ್ಲೂ ಹುಡುಕಬೇಕು.

ಇನ್ನು ರಾಮ್‌ಕಿಂಕರ್. ಹುಟ್ಟಿದ್ದು 1906ರಲ್ಲಿ, ಬಡವರ ಮನೆ. ಬಾಂಕುಡಾದಲ್ಲಿ ಮೂರ್ತಿ ಮಾಡುವವರ ಕೈಚಳಕ ನೋಡುತ್ತಾ ಬೆಳೆದ ಹುಡುಗ, ಅಸಹಕಾರ ಚಳವಳಿಯ ದಿನಗಳಲ್ಲಿ ನಾಯಕರ ಚಿತ್ರ ಬರೆದುಕೊಡುತ್ತಿದ್ದ. ಅದೇ ಊರಿನವರಾದ, ‘ಪ್ರವಾಸಿ’ ಮತ್ತು ‘ಮಾಡರ್ನ್ ರಿವ್ಯೂ’ ಪತ್ರಿಕೆಗಳ ಸಂಪಾದಕ ರಾಮಾನಂದ ಚಟರ್ಜಿ ಇವನನ್ನು ಗುರುತಿಸಿ 1925ರಲ್ಲಿ ಶಾಂತಿನಿಕೇತನಕ್ಕೆ ತಂದು ಬಿಟ್ಟರು. ಬಂದವನು ಮತ್ತೆ ಹೊರಡಲೇ ಇಲ್ಲ. ಕಲಿತದ್ದು, ಕಲಿಸಿದ್ದು ಎಲ್ಲ ಅಲ್ಲೇ.

ದೊಡ್ಡ ಶಿಲ್ಪ ಮಾಡಬೇಕು ಅನ್ನುವ ಆಸೆ. ಕಂಚಿಗೆ ದುಡ್ಡೆಲ್ಲಿ? ಶಾಂತಿನಿಕೇತನದ ಆಶ್ರಮದ ಸುತ್ತ ಇದ್ದದ್ದು ಕೆಂಪು ಜಂಬಿಟ್ಟಿಗೆ ನೆಲ. ಆ ಗರಸನ್ನೇ ಸಿಮೆಂಟಿಗೆ ಕಲಸಿ, ಕಬ್ಬಿಣದ ಸಲಾಕೆ ಕಟ್ಟಿದ ಚೌಕಟ್ಟಿನ ಮೇಲೆ ಎರಚಿ, ಒಣಗುವ ಮೊದಲು ಕೊರೆದು ತಿದ್ದಿದರು. 1935ರಲ್ಲಿ ‘ಸುಜಾತಾ’ ಎದ್ದು ನಿಂತಳು, ನೀಲಗಿರಿ ಮರಗಳ ನಡುವೆ ಅವುಗಳಷ್ಟೇ ಸಪೂರವಾಗಿ. ಅದನ್ನು ನೋಡಿದ ರವೀಂದ್ರರು, ಆಶ್ರಮವನ್ನೆಲ್ಲ ಇಂಥವುಗಳಿಂದ ತುಂಬಿಬಿಡು ಎಂದರಂತೆ. ರಾಮ್‌ಕಿಂಕರರೇ ಇದನ್ನು ನೆನೆಸಿಕೊಳ್ಳುತ್ತಿದ್ದರು.

1938ರ ‘ಸಂತಾಲ ಕುಟುಂಬ’ದ ಮುಂದೆ ನಿಂತರೆ ಮೊದಲು ಕಾಣುವುದು ಅದರ ಒರಟು ಮೈ. ಕಲ್ಲುಹರಳುಗಳು ಹಾಗೇ ಮೇಲೆದ್ದಿವೆ, ನುಣುಪು ಮಾಡುವ ಗೋಜಿಗೇ ಹೋಗಿಲ್ಲ. ಗಂಡಸಿನ ಹೆಗಲ ಮೇಲೆ ಅಡ್ಡೆ, ಅದರ ಬುಟ್ಟಿಯಲ್ಲಿ ಮಗು. ಹೆಂಗಸಿನ ತಲೆ ಮೇಲೆ ಹೊರೆ. ಕಾಲ ಬಳಿ ನಾಯಿ. ಕೂಲಿ ಹುಡುಕಿಕೊಂಡು ಗುಳೆ ಹೊರಟ ಸಂತಾಲ ಬುಡಕಟ್ಟಿನವರು. ನಮ್ಮ ರಾಯಚೂರು, ಕೊಪ್ಪಳದ ಕಡೆಯವರಿಗೆ ಈ ದೃಶ್ಯವನ್ನು ಯಾರೂ ವಿವರಿಸಬೇಕಿಲ್ಲ. ಪ್ರತಿಮೆ ಎಂದರೆ ದೊರೆಯದ್ದು, ದೊರೆಸಾನಿಯದ್ದು, ಕುದುರೆ ಮೇಲೆ ಕೂತ ಲಾಟಸಾಹೇಬರದ್ದು ಎಂದಿದ್ದ ಕಾಲದಲ್ಲಿ ಹೆಸರಿಲ್ಲದ ಕೂಲಿಯವರನ್ನು ಆಳೆತ್ತರಕ್ಕೂ ಮೀರಿ ನಿಲ್ಲಿಸಿದರು. ಪೀಠ ಮಾತ್ರ ಗಿಡ್ಡ, ಅವರು ನೆಲದ ಮೇಲೇ ನಡೆದುಹೋಗುತ್ತಿರುವ ಹಾಗೆ. 1956ರ ‘ಗಿರಣಿಯ ಕರೆ’ಯಲ್ಲಿ ಅದೇ ಜನ ಇನ್ನೊಂದು ತಲೆಮಾರಿಗೆ ಬಂದಿದ್ದಾರೆ. ಸೈರನ್ ಕೂಗಿದೆ, ಇಬ್ಬರು ಹೆಂಗಸರು ಒದ್ದೆ ಸೀರೆಯನ್ನು ಗಾಳಿಗೆ ಹಾರಿಸಿ ಒಣಗಿಸಿಕೊಳ್ಳುತ್ತಲೇ ಓಡುತ್ತಿದ್ದಾರೆ.

ದೆಹಲಿಯ ರಿಸರ್ವ್ ಬ್ಯಾಂಕಿನ ಬಾಗಿಲಲ್ಲಿರುವ ಯಕ್ಷ-ಯಕ್ಷಿಯರೂ ಇವರದ್ದೇ. ಕಾಂಗಡಾ ಕಣಿವೆಯ ಬೈಜನಾಥದಿಂದ ಕಲ್ಲು ತಂದು, ಹತ್ತು ವರ್ಷಕ್ಕೂ ಮಿಕ್ಕಿ ಎಳೆದ ಕೆಲಸ. ಯಕ್ಷಿ ಬತ್ತಲೆ ಇದ್ದಾಳೆ ಅಂತ ರಾಜ್ಯಸಭೆಯಲ್ಲಿ ಪ್ರಶ್ನೆ ಎದ್ದಿತು. ಮಥುರೆಯ ಕಡೆ ಸಿಕ್ಕ ಎರಡು ಸಾವಿರ ವರ್ಷ ಹಳೆಯ ಯಕ್ಷಮೂರ್ತಿಯೇ ಅವರ ಮಾದರಿಗಳಲ್ಲಿ ಒಂದು ಎನ್ನುವುದು ಆಕ್ಷೇಪ ಎತ್ತಿದವರಿಗೆ ಮುಖ್ಯ ಅನ್ನಿಸಲಿಲ್ಲ. ಇರಲಿ.

ಈ ಮನುಷ್ಯ ತನ್ನ ಕೃತಿಗಳನ್ನು ಹೇಗೆ ಇಟ್ಟುಕೊಂಡಿದ್ದರು ಗೊತ್ತೇ? ಹುಲ್ಲಿನ ಚಾವಣಿ ಸೋರುತ್ತಿತ್ತು. ತೈಲವರ್ಣದ ಕ್ಯಾನ್ವಾಸಿನಲ್ಲಿ ನೀರು ಇಳಿಯುವುದಿಲ್ಲವಲ್ಲ, ಚಿತ್ರಗಳನ್ನೇ ತಂದು ಸೂರಿಗೆ ಒಡ್ಡಿದರು. 1975ರಲ್ಲಿ ಬಂಗಾಳದ ಸಿನಿಮಾ ನಿರ್ದೇಶಕ ಋತ್ವಿಕ್ ಘಟಕ್ ಇವರನ್ನು ಕುರಿತು ಸಾಕ್ಷ್ಯಚಿತ್ರ ಮಾಡಲು ಹೊರಟಾಗ ನಗುನಗುತ್ತಾ ಅದನ್ನು ಹೇಳಿಕೊಂಡಿದ್ದಾರೆ. ಆ ಚಿತ್ರವೂ ಪೂರ್ತಿಯಾಗಲಿಲ್ಲ, ಮುಂದಿನ ವರ್ಷ ಘಟಕ್ ತೀರಿಕೊಂಡರು. ರಾಮ್‌ಕಿಂಕರ್ ಹೋದದ್ದು 1980ರ ಆಗಸ್ಟ್‌ನಲ್ಲಿ. ಆ ಸೂರಿನ ಕಥೆ ಕೇಳಿ ಆಹಾ ಎಂಥ ವೈರಾಗ್ಯ ಅಂತ ಕೊಂಡಾಡುವುದು ಸುಲಭ. ಆದರೆ ಹೋದ ಚಿತ್ರಗಳು ಹೋದವು. ಸೋರದ ಒಂದು ಮನೆಯಿದ್ದಿದ್ದರೆ ಆ ವೈರಾಗ್ಯದ ಅಗತ್ಯ ಬೀಳುತ್ತಿತ್ತೇ?

ಹಾಗಿದ್ದೂ ರಾಮ್‌ಕಿಂಕರ್ ಉಳಿದರು. ಶಿಲ್ಪಗಳು ನಿಂತಿರುವುದು ವಿದ್ಯಾರ್ಥಿಗಳು ಓಡಾಡುವ ದಾರಿಯಲ್ಲಿ. ಬಹುಕಾಲ ನೋಡಲು ಚೀಟಿ ಬೇಕಿರಲಿಲ್ಲ, ಬಾಗಿಲು ಕಾಯುವವನಿರಲಿಲ್ಲ. ಒಳಗಿನ ಕಬ್ಬಿಣ ತುಕ್ಕು ಹಿಡಿಯುವ ಭಯಕ್ಕೆ ‘ಸಂತಾಲ ಕುಟುಂಬ’ಕ್ಕೆ ಮೇಲೊಂದು ಸೂರು ಬಂತು, ಆದರೂ ಅದು ಇರುವುದು ಬಯಲಿನಲ್ಲೇ. ಇನ್ನೊಂದು ಕಾರಣ ಶಿಷ್ಯರು. ಶಂಖೋ ಚೌಧುರಿ ಇವರ ಬಳಿ ಕಲಿತು ಬರೋಡಾಕ್ಕೆ ಹೋಗಿ ಅಲ್ಲಿ ಶಿಲ್ಪವಿಭಾಗ ಕಟ್ಟಿದರು. ಕೆ.ಜಿ. ಸುಬ್ರಹ್ಮಣ್ಯನ್ ಕೂಡ ಅದೇ ಹಾದಿಯವರು. ವೆಂಕಟಪ್ಪನವರಿಗೆ ಇಂಥ ಶಿಷ್ಯಸಂತಾನ ಬೆಳೆಯಲಿಲ್ಲ.

1965ರಲ್ಲಿ ವೆಂಕಟಪ್ಪನವರು ಕಾಲವಾದ ಮೇಲೆ ಅವರ ಕೃತಿಗಳು ಸರ್ಕಾರದ ಸುಪರ್ದಿಗೆ ಬಂದವು. ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕ, ಎಪ್ಪತ್ತರ ದಶಕದಲ್ಲಿ ವೆಂಕಟಪ್ಪ ಚಿತ್ರಶಾಲೆ ಎದ್ದಿತು. ಕೆ.ಕೆ. ಹೆಬ್ಬಾರರ ಚಿತ್ರಗಳೂ ಅಲ್ಲಿವೆ. ಕಡಿಮೆ ಬಾಡಿಗೆಗೆ ಸಿಗುವ ಸಭಾಂಗಣ ಎಂದು ಎಷ್ಟೋ ಹೊಸ ಕಲಾವಿದರು ಮೊದಲ ಪ್ರದರ್ಶನ ಮಾಡಿದ್ದು ಅಲ್ಲೇ. 2016ರಲ್ಲಿ ಅದನ್ನು ಖಾಸಗಿಯವರ ಉಸ್ತುವಾರಿಗೆ ಕೊಡುವ ಒಪ್ಪಂದದ ವಿರುದ್ಧ ಕಲಾವಿದರು ಬೀದಿಗಿಳಿದರು. ಮುಂಚೂಣಿಯಲ್ಲಿದ್ದವರಲ್ಲಿ ಎನ್. ಪುಷ್ಪಮಾಲಾ ಒಬ್ಬರು. ಅವರು ಶಿಲ್ಪ ಕಲಿತದ್ದು ಬರೋಡಾದಲ್ಲಿ. ಅಂದರೆ ರಾಮ್‌ಕಿಂಕರರ ಶಿಷ್ಯ ಕಟ್ಟಿದ ವಿಭಾಗದಿಂದ ಬಂದವರು ವೆಂಕಟಪ್ಪನವರ ಹೆಸರಿನ ಮನೆಯನ್ನು ಕಾಯಲು ನಿಂತರು. ಜಗಳ ನಡೆದದ್ದು ಕಟ್ಟಡಕ್ಕಾಗಿ ಎನ್ನುವುದನ್ನೂ ಗಮನಿಸಿ. ಒಳಗಿನ ಊಟಿಯ ಮಂಜಿಗಾಗಿ ನಾವು ಯಾವತ್ತೂ ಅಷ್ಟು ಗಲಾಟೆ ಮಾಡಿಲ್ಲ.

ಕಾನೂನಿನ ಮಾತೊಂದು ಹೇಳಿ ಮುಗಿಸುತ್ತೇನೆ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯಿದೆಯಡಿ ಒಂಬತ್ತು ಕಲಾವಿದರ ಕೃತಿಗಳನ್ನು ದೇಶದಾಚೆ ಸಾಗಿಸುವಂತಿಲ್ಲ. ರವಿವರ್ಮ, ನಂದಲಾಲ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್ ಎಲ್ಲ ಆ ಪಟ್ಟಿಯಲ್ಲಿದ್ದಾರೆ. ನಮ್ಮ ಇವರಿಬ್ಬರೂ ಇಲ್ಲ. ಹಕ್ಕುಸ್ವಾಮ್ಯದ ಲೆಕ್ಕ ಇನ್ನೊಂದು. ಕಲಾವಿದ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ವೆಂಕಟಪ್ಪನವರ ಅವಧಿ 2025ರ ಕೊನೆಯ ದಿನದವರೆಗೆ. ಆಮೇಲೆ ಅವರ ಚಿತ್ರವನ್ನು ಶಾಲೆಯ ಪಠ್ಯದಲ್ಲಿ, ಕ್ಯಾಲೆಂಡರಿನಲ್ಲಿ, ಕನ್ನಡ ಪುಸ್ತಕದ ರಕ್ಷಾಪುಟದಲ್ಲಿ ಹಾಕಲು ಹಕ್ಕುಸ್ವಾಮ್ಯದ ಅನುಮತಿ ಬೇಕಿಲ್ಲ. ಒಳ್ಳೆಯ ಸ್ಕ್ಯಾನ್ ಬೇಕು, ಅದನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಡಬೇಕು. ಆ ಕೆಲಸ ಸರ್ಕಾರದ ಕೈಯಲ್ಲಿದೆ. ಅರ್ಜಿ ಕೊಡುವುದು ನಮ್ಮ ಕೈಯಲ್ಲಿದೆ. ಒಂದು ಒಕ್ಕಣೆ ಬರೆದು ತಂದಿದ್ದೇನೆ. ಪ್ರಶ್ನೆಗಳಾದ ಮೇಲೆ ಓದಿ ನೋಡಿ, ಒಪ್ಪಿಗೆಯಾದರೆ ಸಹಿ ಹಾಕಿ.