ಒಂದ್ಸಲ ಅದನ್ನ ತಲೆಕೆಳಗೆ ಮಾಡಿ ತೋರ್ಸಿ

ಎಲ್ರಿಗೂ ನಮಸ್ಕಾರ. ಹೋದ ಭಾನುವಾರ ನಮ್ಮ ಟೆರೇಸ್ ಮೇಲೆ ಮರಗೆಲಸದ ಹವ್ಯಾಸ ಇರೋ ಎಂಟು ಜನ ಸೇರಿದ್ವಿ. ತಿಂಗಳಿಗೊಂದ್ಸಲ ಸೇರ್ತೀವಿ, ಯಾರೂ ಕಸುಬಿನವರಲ್ಲ, ಒಬ್ರು ಬ್ಯಾಂಕು, ಒಬ್ರು ಹೈಸ್ಕೂಲ್ ಮೇಡಂ, ಮಿಕ್ಕವರಲ್ಲಿ ಹೆಚ್ಚಿನವ್ರು ಸಾಫ್ಟ್‌ವೇರು, ಆದ್ರೆ ಶನಿವಾರ ಭಾನುವಾರ ಬಂತು ಅಂದ್ರೆ ಕೈಗೆ ಉಳಿ ಗರಗಸ ಬೇಕೇ ಬೇಕು ಅನ್ನೋರು. ಆ ತಿಂಗಳು ಏನ್ ಮಾಡಿದ್ರೋ ಅದನ್ನ ತಂದು ಮಧ್ಯದಲ್ಲಿ ಇಡ್ಬೇಕು, ಅಷ್ಟೇ ನಿಯಮ. ಈ ಸಲ ಬೇವಿನ ಸೌಟು ಬಂದಿತ್ತು, ಸಿಲ್ವರ್ ಓಕ್ ಟ್ರೇ ಬಂದಿತ್ತು, ಹಳೇ ಸಾಗುವಾನಿ ಬಾಗಿಲು ಒಡೆದು ಮಾಡಿದ ಪುಸ್ತಕದ ಸ್ಟ್ಯಾಂಡು, ಆಮೇಲೆ ಮಗಳಿಗೆ ವಾಶ್‌ಬೇಸಿನ್ ಎಟುಕಲ್ಲ ಅಂತ ಬ್ಯಾಂಕಿನವ್ರು ಮಾಡಿದ ಒಂದು ಪುಟ್ಟ ಸ್ಟೂಲು.

ಪಕ್ಕದ ಬೀದೀಲಿ ಕೆಲಸ ನಡೀತಿತ್ತು, ಅಲ್ಲಿದ್ದ ಮರಗೆಲಸದ ಹಿರಿಯ ಆಚಾರ್ರನ್ನ ಕಾಫಿಗೆ ಕರ್ದಿದ್ವಿ. ಅವರು ಬಂದು ಕೂತ್ರು, ಒಂದೊಂದೇ ಕೈಗೆ ತಗೊಂಡ್ರು, ಮೇಲ್ಭಾಗ ನೋಡ್ಲೇ ಇಲ್ಲ. ಟ್ರೇ ತಗೊಂಡ್ರು, ತಿರುಗಿಸಿದ್ರು. ಸ್ಟೂಲ್ ತಗೊಂಡ್ರು, ಮಗುಚಿ ತೊಡೆ ಮೇಲೆ ಇಟ್ಕೊಂಡು ಕಾಲು ಕೂಡೋ ಜಾಗದಲ್ಲಿ ಉಗುರು ಹಾಕಿ ನೋಡಿದ್ರು. "ಮೇಲೆ ಎಲ್ರೂ ಪಾಲಿಶ್ ಹೊಡೀತಾರೆ ಸಾರ್, ಕೆಲಸ ಗೊತ್ತಾಗೋದು ಅಡೀಲಿ" ಅಂದ್ರು. ನನಗೆ ಇವತ್ತು ನಿಮ್ಮ ಹತ್ರ ಮಾತಾಡ್ಬೇಕು ಅನ್ಸಿದ್ದೇ ಆ ಒಂದು ಮಾತಿಗೆ.

ನಾವು ಮರಗೆಲಸ ಹವ್ಯಾಸ ಮಾಡ್ಕೊಂಡಿರೋರು ಮಾಡಿದ್ದನ್ನ ತೋರ್ಸೋ ರೀತಿ ಇದ್ಯಲ್ಲ, ಅದರಲ್ಲಿ ಒಂದು ದೊಡ್ಡ ಕೊರತೆ ಇದೆ. ಎಣ್ಣೆ ಬಟ್ಟೇಲಿ ಒರೆಸ್ತಿದ್ದ ಹಾಗೆ ಮರದ ಬಣ್ಣ ಎದ್ದು ಬರುತ್ತಲ್ಲ, ಆ ಹತ್ತು ಸೆಕೆಂಡ್ ತೋರಿಸ್ತೀವಿ, ಕಿಟಕಿ ಬೆಳಕಲ್ಲಿ ಒಂದು ಫೋಟೋ ತೆಗೀತೀವಿ, ಮುಗೀತು. ಯಾವ ಮರ, ಎಷ್ಟು ದಿನ ಒಣಗಿಸಿದ್ದು, ಕೂಡಿಸಿದ್ದು ಹೇಗೆ, ಎಲ್ಲಿ ಕೈ ತಪ್ಪಿತು, ಒಂದೂ ಇಲ್ಲ. ನೋಡೋರಿಗೆ ಆಸೆ ಹುಟ್ಟುತ್ತೆ ನಿಜ, ಆದ್ರೆ ಆ ಆಸೆ ಇಟ್ಕೊಂಡು ಅವ್ರು ಮರದ ಮುಂದೆ ನಿಂತಾಗ ಕೈಗೆ ಏನೂ ಸಿಗಲ್ಲ.

ಇದು ನನಗೆ ಹೇಗೆ ಗೊತ್ತು ಅಂದ್ರೆ, ನಮ್ಮಜ್ಜಿ ಮನೆ ಹಿತ್ತಲಲ್ಲಿ ಒಂದು ಹಲಸಿನ ಮರ ಮಳೆಗೆ ಬಿತ್ತು. ನಾನು ಆ ಮರದ ಹಣ್ಣು ತಿಂದು ಬೆಳೆದವನು, ಸೌದೆಗೆ ಹೋಗ್ಬಾರ್ದು ಅಂತ ಸಾಮಿಲ್ಲಿಗೆ ಸಾಗಿಸಿ ಒಂದೂವರೆ ಇಂಚಿನ ಹಲಗೆ ಕೊಯ್ಸಿದೆ. ಹಲಸು ಎಂಥಾ ಮರ ಅಂತ ನಿಮಗೆ ಗೊತ್ತಲ್ಲ, ವೀಣೆಗೂ ಅದೇ, ಮೃದಂಗಕ್ಕೂ ಅದೇ, ಕೊಯ್ದಾಗ ಅರಿಶಿನದ ಹಳದಿ, ವರ್ಷ ಕಳೆದ ಹಾಗೆ ಜೇನುತುಪ್ಪದ ಕಂದು. ನಾಲ್ಕೇ ತಿಂಗಳು ಒಣಗಿಸಿದೆ, ಇಂಚಿಗೊಂದು ವರ್ಷ ಅನ್ನೋ ಹಳೇ ಲೆಕ್ಕ ನನಗೆ ಯಾರೂ ಹೇಳಿರ್ಲಿಲ್ಲ. ಬೆಂಗಳೂರಿಗೆ ತಂದು ಮೂರಡಿ ಅಗಲದ ಊಟದ ಟೇಬಲ್ ಮಾಡಿದೆ, ಹಲಗೆಗಳು ಬಾಗಬಾರ್ದು ಅಂತ ಅಡೀಲಿ ಅಡ್ಡಪಟ್ಟಿ ಇಟ್ಟು ಅಂಟು ಹಾಕಿ ಸ್ಕ್ರೂನೂ ಬಿಗಿದೆ, ಎಷ್ಟು ಬಿಗಿಯಾದ್ರೆ ಅಷ್ಟು ಗಟ್ಟಿ ಅಂದ್ಕೊಂಡಿದ್ದೆ. ಮಾರ್ಚಲ್ಲಿ ಒಂದು ರಾತ್ರಿ ಪಟ್ ಅಂತ ಸದ್ದು. ಬೆಳಗ್ಗೆ ಎದ್ದು ನೋಡಿದ್ರೆ ಒಂದು ಕೊನೆಯಿಂದ ಮಧ್ಯದ ತನಕ ಬಿರುಕು, ಅದರೊಳಗೆ ಐದು ರೂಪಾಯಿ ನಾಣ್ಯ ನಿಲ್ತಿತ್ತು.

ಆಮೇಲೆ ತಿಳ್ಕೊಂಡೆ. ಮರ ಉದ್ದಕ್ಕೆ ಕುಗ್ಗೋದು ಲೆಕ್ಕಕ್ಕೇ ಬರಲ್ಲ, ಕುಗ್ಗೋದು ಅಗಲಕ್ಕೆ. ಅದರಲ್ಲೂ ವರ್ಷದುಂಗುರದ ಸುತ್ತಿನ ದಿಕ್ಕಲ್ಲಿ ಕುಗ್ಗೋದು ನಡುವಿನಿಂದ ಹೊರಗಿನ ದಿಕ್ಕಿನ ಸುಮಾರು ಎರಡರಷ್ಟು, ಹಲಗೆ ಬಟ್ಟಲ ಥರ ಬಾಗೋದೂ ಅದಕ್ಕೇ. ಮಳೆಗಾಲಕ್ಕೂ ಬೇಸಿಗೆಗೂ ಮಧ್ಯ ಮೂರಡಿ ಅಗಲದ ಹಲಗೆ ಕಾಲಿಂಚು ಆಚೆ ಈಚೆ ಆಗ್ಬಹುದು. ಅದನ್ನ ನಾನು ಅಡ್ಡಪಟ್ಟಿಗೆ ಕಟ್ಟಿಹಾಕಿದ್ದೆ, ಅದು ಕುಗ್ಗಲೇಬೇಕು, ಜಾಗ ಇಲ್ಲ, ಸೀಳ್ತು. ಅಡ್ಡಪಟ್ಟೀಲಿ ಸ್ಕ್ರೂ ಹೋಗೋ ತೂತನ್ನ ಗುಂಡಗೆ ಕೊರೀದೆ ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಉದ್ದ ಮಾಡಿದ್ರೆ ಸ್ಕ್ರೂ ಅದರಲ್ಲಿ ಸರಿದಾಡುತ್ತೆ, ಅಂಟು ಹಾಕ್ಬಾರ್ದು, ಇಷ್ಟೇ. ಹತ್ತು ನಿಮಿಷದ ಕೆಲಸ. ಹಳೇ ಹಲಗೆ ಬಾಗಿಲುಗಳನ್ನ ನೋಡಿ, ಚೌಕಟ್ಟಿನ ಗ್ರೂವ್ ಒಳಗೆ ಹಲಗೇನ ಅಂಟಿಲ್ದೆ ಸಡಿಲವಾಗಿ ಕೂರ್ಸಿರ್ತಾರೆ, ಮರಕ್ಕೆ ಉಸಿರಾಡೋಕೆ ಜಾಗ ಬಿಟ್ಟಿರ್ತಾರೆ. ನಾನು ಟೇಬಲ್ ಮಾಡೋ ಮುಂಚೆ ನೋಡಿದ ವಿಡಿಯೋಗಳಲ್ಲಿ ಒಬ್ಬರಾದ್ರೂ ಟೇಬಲ್ ಮಗುಚಿ ಆ ಉದ್ದದ ತೂತು ತೋರ್ಸಿದ್ರೆ ಅಜ್ಜಿ ಮರ ಸೀಳ್ತಿರ್ಲಿಲ್ಲ.

ಬಿರುಕನ್ನ ಮುಚ್ಚಿಡ್ಬೇಕಾಗಿಲ್ಲ ಅನ್ನೋದನ್ನ ಜಗತ್ತಿಗೆ ಚೆನ್ನಾಗಿ ತೋರ್ಸಿದವರು ಜಾರ್ಜ್ ನಕಾಶಿಮಾ, ಅಮೆರಿಕದಲ್ಲಿ ಹುಟ್ಟಿದ ಜಪಾನಿ ಮೂಲದ ಮರಗೆಲಸಗಾರರು. ಅವರಿಗೂ ನಮ್ಮ ಕಡೆಗೂ ನಂಟಿದೆ, 1930ರ ದಶಕದ ಕೊನೇಲಿ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಗೋಲ್ಕೊಂಡೆ ಅನ್ನೋ ವಸತಿಗೃಹ ಕಟ್ಟೋವಾಗ ಅಲ್ಲೇ ಇದ್ದು ಕೆಲಸ ನೋಡ್ಕೊಂಡವರು, 1960ರ ದಶಕದಲ್ಲಿ ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಗೂ ಬಂದು ಪೀಠೋಪಕರಣ ವಿನ್ಯಾಸ ಮಾಡಿಕೊಟ್ಟವರು. ಹಲಗೇಲಿ ಬಿರುಕಿದ್ರೆ ಅದಕ್ಕೆ ಅಡ್ಡಲಾಗಿ ಚಿಟ್ಟೆ ಆಕಾರದ ಗಟ್ಟಿ ಮರದ ಕೀಲಿ ಕೂರ್ಸ್ತಿದ್ರು, ಅದೂ ಎಲ್ರಿಗೂ ಕಾಣೋ ಹಾಗೆ ಮೇಲ್ಗಡೇನೇ. ನಾನೂ ನನ್ನ ಟೇಬಲ್‌ಗೆ ಅಂಥವು ಮೂರು ಹಾಕಿದೆ.

ನಮ್ಮ ಮೇಡಂ ಈ ವಿಷಯದಲ್ಲಿ ನಮಗಿಂತ ಮುಂದಿದಾರೆ. ಚನ್ನಪಟ್ಟಣದ ಕೆಲಸ ನೋಡ್ಕೊಂಡು ಬಂದು ಮನೆ ಲೇತಲ್ಲಿ ಬುಗುರಿ ಮಾಡಿದ್ರು, ಆಲೆ ಮರದ್ದು. ಅಲ್ಲಿ ಬ್ರಶ್ಶಲ್ಲಿ ಬಣ್ಣ ಬಳಿಯಲ್ಲ, ಮರ ತಿರುಗ್ತಿರೋವಾಗ್ಲೇ ಅರಗಿನ ಕಡ್ಡಿ ಒತ್ತಿ ಹಿಡೀತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತೆ, ಆಮೇಲೆ ತಾಳೆ ಗರಿ ಒತ್ತಿ ಹೊಳಪು ಕೊಡ್ತಾರೆ. ಅವರು ತಂದಿದ್ದು ಮೂರು ಬುಗುರಿ, ಎರಡರಲ್ಲಿ ಬಿಸಿ ಸಾಲದೆ ಅರಗು ತೇಪೆ ತೇಪೆಯಾಗಿ ಕೂತಿತ್ತು, ಮೂರನೇದು ಕನ್ನಡಿ ಥರ. ಮೂರನ್ನೂ ಸಾಲಾಗಿ ಇಟ್ರು. ಆ ಎರಡು ಕೆಟ್ಟ ಬುಗುರಿ ಇಲ್ದಿದ್ರೆ ಒಳ್ಳೇದು ಹೇಗಾಯ್ತು ಅಂತ ನಮಗೆ ತಿಳೀತಾನೇ ಇರ್ಲಿಲ್ಲ, ಎಲ್ರೂ ಆ ಕೆಟ್ಟವನ್ನೇ ಕೈಲಿ ಹಿಡ್ದು ನೋಡಿದ್ದು.

ಇದರ ಜೊತೆ ಇನ್ನೊಂದು, ದಯವಿಟ್ಟು ಮಾಸ್ಕ್ ಹಾಕ್ಕೊಂಡು ತೋರ್ಸಿ. ಸ್ಯಾಂಡಿಂಗ್ ಮಾಡೋವಾಗ ಬರಿ ಮುಖ ತೋರ್ಸೋ ವಿಡಿಯೋಗಳು ನನಗೆ ನಿಜವಾಗ್ಲೂ ಸಂಕಟ ಮಾಡ್ತವೆ. ಮರದ ಧೂಳು ಮನುಷ್ಯನಿಗೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪ್ರಕಟಿಸಿದೆ, ಮೊದಲನೇ ಗುಂಪಿಗೆ, ಅಂದ್ರೆ ಕ್ಯಾನ್ಸರ್ ತರೋದು ಖಚಿತ ಅನ್ನೋ ಗುಂಪಿಗೆ ಸೇರಿಸಿದೆ. ಹೊಸಬರು ನಾವು ಏನ್ ಮಾಡ್ತೀವೋ ಅದನ್ನೇ ಮಾಡ್ತಾರೆ.

ಸ್ಟೂಲ್ ಕಥೆ ಅರ್ಧಕ್ಕೆ ನಿಲ್ಸಿದ್ದೆ. ಆಚಾರ್ರು ಅದನ್ನ ಮಗುಚಿದಾಗ ಬ್ಯಾಂಕಿನವ್ರ ಮುಖ ಸಣ್ಣಗಾಯ್ತು, ಯಾಕಂದ್ರೆ ಒಂದು ಕಾಲಿನ ನಾಲಿಗೆ, ಅಂದ್ರೆ ಕಿಂಡಿಯೊಳಗೆ ಕೂರೋ ತುದಿ, ಜಾಸ್ತಿ ಕೊಯ್ದು ಹೋಗಿತ್ತು, ಕಿಂಡೀಲಿ ಸಡಿಲ, ಅಲ್ಲೊಂದು ತೆಳು ಚಕ್ಕೆ ಸೇರ್ಸಿ ಅಂಟು ಹಾಕಿದ್ರು. ಆಚಾರ್ರು ಆ ಚಕ್ಕೆ ಮೇಲೆ ಬೆರಳಾಡಿಸಿ, "ಚಕ್ಕೇಲಿ ಮರದ ಎಳೆ ನಾಲಿಗೆಯ ಎಳೆ ಜೊತೆಗೇ ಹೋಗಿದೆ, ಇದು ನಿಲ್ಲುತ್ತೆ" ಅಂದ್ರು. ಪಕ್ಕದಲ್ಲೇ ಪೆನ್ಸಿಲಲ್ಲಿ ಮಗಳ ಹೆಸರು, ತಾರೀಕು ಇತ್ತು. ಆ ಅಡಿಭಾಗದ ಫೋಟೋ ಅವತ್ತು ಆರು ಜನ ತೆಗೊಂಡ್ರು, ಮೇಲ್ಭಾಗದ್ದು ಯಾರೂ ತೆಗೀಲಿಲ್ಲ.

ಮುಂದಿನ ತಿಂಗಳು ನಾನು ಹಲಸಿನ ಟೇಬಲ್ ಮಹಡಿಗೆ ಹೊರಿಸ್ತಿದೀನಿ, ನಾಲ್ಕು ಜನ ಬೇಕು. ಮೂರು ಕೀಲೀಲಿ ಒಂದು ಸ್ವಲ್ಪ ಅಲ್ಲಾಡ್ತಿದೆ, ಅದನ್ನ ತೆಗೆದು ಹೊಸದು ಕೂರ್ಸೋದನ್ನ ಅಲ್ಲೇ ಆಚಾರ್ರ ಮುಂದೆ ಮಾಡ್ತೀನಿ, ಪೂರ್ತಿ ರೆಕಾರ್ಡ್ ಮಾಡಿ ಹಾಕ್ತೀನಿ. ನಿಮ್ಮದೂ ಕಳಿಸಿ, ಅಡಿಭಾಗದ್ದು.