ರೆಸಿಸ್ಟರ್ ಲೆಕ್ಕದಲ್ಲಿ ಉತ್ತರ ಬಂತು, ಬಿಸಿ ಎಲ್ಲಿಗೆ ಹೋಯಿತು?

ನಮಸ್ಕಾರ. ಮೊದಲು ಒಂದು ಲೆಕ್ಕ. ಪೆನ್ನು ಪೇಪರ್ ಬೇಡ, ಕೇಳುತ್ತಾ ಬನ್ನಿ ಸಾಕು.

12 ವೋಲ್ಟ್‌ನ ಒಂದು ಬ್ಯಾಟರಿ. ಎರಡು ರೆಸಿಸ್ಟರ್, ಅಂದರೆ ಕರೆಂಟ್ ಹರಿಯುವುದಕ್ಕೆ ತಡೆ ಒಡ್ಡುವ ಬಿಡಿಭಾಗ, ಒಂದು 100 ಓಮ್, ಇನ್ನೊಂದು 200 ಓಮ್. ಯಾವುದು ಜಾಸ್ತಿ ಬಿಸಿಯಾಗುತ್ತದೆ?

ಇದನ್ನು ಪಿಯುಸಿ ಮಕ್ಕಳಿಗೆ ಕೇಳಿ ನೋಡಿ. ಬಿಸಿಯಾಗಿ ಹೋಗುವ ಪವರ್‌ಗೆ ಒಬ್ಬ ಐ ಸ್ಕ್ವೇರ್ ಆರ್, ಅಂದರೆ ಕರೆಂಟ್‌ನ ವರ್ಗ ಇಂಟು ಓಮ್, ನೆನಪಿಸಿಕೊಳ್ಳುತ್ತಾನೆ. ಆರ್ ಜಾಸ್ತಿಯಾದರೆ ಪವರ್ ಜಾಸ್ತಿ, ಹಾಗಾಗಿ 200 ಓಮ್ ಅನ್ನುತ್ತಾನೆ. ಪಕ್ಕದಲ್ಲಿ ಕೂತವಳಿಗೆ ವಿ ಸ್ಕ್ವೇರ್ ಬೈ ಆರ್, ಅಂದರೆ ವೋಲ್ಟೇಜ್‌ನ ವರ್ಗ ಭಾಗಿಸು ಓಮ್, ನೆನಪಾಗುತ್ತದೆ. ಆರ್ ಕೆಳಗಿದೆ, ಅದು ಕಡಿಮೆ ಇದ್ದಷ್ಟೂ ಪವರ್ ಜಾಸ್ತಿ, ಹಾಗಾಗಿ 100 ಓಮ್ ಅನ್ನುತ್ತಾಳೆ. ಇಬ್ಬರ ಸೂತ್ರವೂ ಸರಿ. ಇಬ್ಬರಿಗೂ ಅದನ್ನು ಬಾಯಿಪಾಠ ಮಾಡಿಸಿದ್ದು ನಾವೇ. ಆದರೆ ಈ ಎರಡು ರೆಸಿಸ್ಟರ್‌ಗಳನ್ನು ಹೇಗೆ ಜೋಡಿಸಿದ್ದೀರಿ ಅಂತ ಇಬ್ಬರೂ ಕೇಳಲಿಲ್ಲ. ಅದನ್ನು ಕೇಳದೆ ಉತ್ತರವೇ ಇಲ್ಲ.

ಸರಣಿಯಲ್ಲಿ, ಅಂದರೆ ಸೀರೀಸ್‌ನಲ್ಲಿ ಜೋಡಿಸಿದೆವು ಅಂತಿಟ್ಟುಕೊಳ್ಳಿ. ಒಟ್ಟು 300 ಓಮ್, ಕರೆಂಟ್ 40 ಮಿಲಿಆಂಪ್, ಎರಡರಲ್ಲೂ ಅದೇ ಕರೆಂಟ್. 100 ಓಮ್‌ನಲ್ಲಿ 0.16 ವ್ಯಾಟ್, 200 ಓಮ್‌ನಲ್ಲಿ 0.32 ವ್ಯಾಟ್. ದೊಡ್ಡದು ಎರಡು ಪಟ್ಟು ಬಿಸಿ. ಈಗ ಅವೇ ಎರಡನ್ನು ಸಮಾಂತರವಾಗಿ, ಪ್ಯಾರಲಲ್‌ನಲ್ಲಿ ಹಾಕಿ. ಎರಡರ ಮೇಲೂ ಪೂರ್ತಿ 12 ವೋಲ್ಟ್ ಇದೆ. 100 ಓಮ್‌ನಲ್ಲಿ 1.44 ವ್ಯಾಟ್, 200 ಓಮ್‌ನಲ್ಲಿ 0.72 ವ್ಯಾಟ್. ಈ ಸಲ ಚಿಕ್ಕದು ಎರಡು ಪಟ್ಟು ಬಿಸಿ! ಬ್ಯಾಟರಿ ಅದೇ, ರೆಸಿಸ್ಟರ್ ಅವೇ, ಉತ್ತರ ಮಾತ್ರ ತಿರುಗಿತು.

ಹಾಗಾಗಿ ಸೂತ್ರ ಯಾವುದು ಅನ್ನುವುದು ಎರಡನೇ ಪ್ರಶ್ನೆ. ಇಲ್ಲಿ ಎರಡಕ್ಕೂ ಒಂದೇ ಆಗಿರುವುದು ಏನು, ಕರೆಂಟಾ ವೋಲ್ಟೇಜಾ? ಮೊದಲನೇ ಪ್ರಶ್ನೆ ಇದು. ಕರೆಂಟ್ ಒಂದೇ ಇದ್ದರೆ ಐ ಸ್ಕ್ವೇರ್ ಆರ್ ಹಿಡಿದು ಹೋಲಿಸಿ. ವೋಲ್ಟೇಜ್ ಒಂದೇ ಇದ್ದರೆ ವಿ ಸ್ಕ್ವೇರ್ ಬೈ ಆರ್. ಇಷ್ಟನ್ನು ಹೇಳಲು ಐದು ನಿಮಿಷ ಬೇಕಾಗಿಲ್ಲ, ಆದರೂ ಹೇಳದೆ ಇವೆರಡು ಮತ್ತು ವಿ ಇಂಟು ಐ, ಹೀಗೆ ಮೂರು ಸೂತ್ರವನ್ನು ಬೋರ್ಡ್ ಮೇಲೆ ಒಂದರ ಕೆಳಗೆ ಒಂದು ಬರೆದು ಮುಂದಿನ ಪಾಠಕ್ಕೆ ಹೋಗುತ್ತೇವೆ. ನನಗೆ ಇದರ ಬಗ್ಗೆ ನಿಜಕ್ಕೂ ಬೇಸರವಿದೆ.

ಇನ್ನೊಂದು ತಪ್ಪು ತುಂಬಾ ಜನ ಮಾಡುತ್ತಾರೆ. ಸರಣಿ ಸರ್ಕ್ಯೂಟ್‌ನಲ್ಲಿ ವಿ ಸ್ಕ್ವೇರ್ ಬೈ ಆರ್ ಹಾಕುವಾಗ ವಿ ಜಾಗದಲ್ಲಿ ಬ್ಯಾಟರಿಯ 12 ವೋಲ್ಟ್ ಹಾಕಿಬಿಡುತ್ತಾರೆ. 144 ಭಾಗಿಸು 100, 1.44 ವ್ಯಾಟ್. ನಿಜವಾದ ಉತ್ತರ 0.16. ಒಂಬತ್ತು ಪಟ್ಟು ತಪ್ಪು! ಅಲ್ಲಿ ವಿ ಅಂದರೆ ಆ ರೆಸಿಸ್ಟರ್‌ನ ಎರಡು ತುದಿಗಳ ನಡುವೆ ಇರುವ ವೋಲ್ಟೇಜ್, ಅದು 4 ವೋಲ್ಟ್ ಅಷ್ಟೇ. ಈ ತಪ್ಪನ್ನು ಹಿಡಿಯಲು ಸುಲಭದ ದಾರಿ ಇದೆ. ಎಲ್ಲ ರೆಸಿಸ್ಟರ್‌ಗಳ ವ್ಯಾಟ್ ಕೂಡಿಸಿ. ಬ್ಯಾಟರಿ ಕೊಟ್ಟ ವ್ಯಾಟ್‌ಗೆ ಅದು ಸಮವಾಗಲೇಬೇಕು. ನಮ್ಮ ಸರಣಿಯಲ್ಲಿ 0.16 ಮತ್ತು 0.32 ಸೇರಿ 0.48. ಬ್ಯಾಟರಿ ಕಡೆಯಿಂದ 12 ವೋಲ್ಟ್ ಇಂಟು 0.04 ಆಂಪ್, ಅದೂ 0.48. ತಾಳೆಯಾಯಿತು. ತಾಳೆಯಾಗದಿದ್ದರೆ ಎಲ್ಲೋ ಎಡವಿದ್ದೀರಿ, ಮೇಷ್ಟ್ರು ಹೇಳುವ ತನಕ ಕಾಯಬೇಕಾಗಿಲ್ಲ.

ಸರಿ, ಲೆಕ್ಕ ಮುಗಿಯಿತಾ? ಪರೀಕ್ಷೆಯ ಪ್ರಕಾರ ಮುಗಿಯಿತು. 0.32 ವ್ಯಾಟ್ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದರೆ ಫುಲ್ ಮಾರ್ಕ್ಸ್. ನನ್ನ ತಕರಾರು ಶುರುವಾಗುವುದೇ ಇಲ್ಲಿಂದ.

ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ. ಪ್ರಾಜೆಕ್ಟ್ ಸೀಸನ್‌ನಲ್ಲಿ ಅಂಗಡಿ ಮುಂದೆ ಡಿಪ್ಲೊಮಾ, ಇಂಜಿನಿಯರಿಂಗ್ ಹುಡುಗರು ಹುಡುಗಿಯರು ಚೀಟಿ ಹಿಡಿದು ನಿಂತಿರುತ್ತಾರೆ. ಚೀಟಿಯಲ್ಲಿ 200 ಓಮ್, 470 ಓಮ್, 1 ಕೆ (ಅಂದರೆ 1000 ಓಮ್) ಅಂತೆಲ್ಲ ಇರುತ್ತದೆ. ಅಂಗಡಿಯವರು ಕೇಳುವ ಮೊದಲ ಮಾತೇ "ಎಷ್ಟು ವ್ಯಾಟ್‌ದು ಕೊಡಲಿ?" ಚೀಟಿಯಲ್ಲಿ ಅದು ಇರುವುದಿಲ್ಲ. "ಯಾವುದಾದ್ರೂ ಕೊಡಿ ಅಣ್ಣ" ಅನ್ನುತ್ತಾರೆ. ಕೈಗೆ ಬರುವುದು ಸಾಮಾನ್ಯ ಕ್ವಾರ್ಟರ್ ವ್ಯಾಟ್, ಅಂದರೆ 0.25 ವ್ಯಾಟ್ ಬಿಸಿಯನ್ನಷ್ಟೇ ತಡೆಯುವಂಥದ್ದು. ನಾವು ಲೆಕ್ಕ ಹಾಕಿದ ಆ 0.32 ವ್ಯಾಟನ್ನು ಕ್ವಾರ್ಟರ್ ವ್ಯಾಟ್ ರೆಸಿಸ್ಟರ್ ತಡೆಯುವುದಿಲ್ಲ. ಪ್ಯಾರಲಲ್‌ನಲ್ಲಿ 1.44 ವ್ಯಾಟ್ ಬಂತಲ್ಲ, ಅಲ್ಲಂತೂ ಹೊಗೆ ಬರುತ್ತದೆ, ರೆಸಿಸ್ಟರ್ ಮೈಮೇಲಿನ ಬಣ್ಣದ ಪಟ್ಟಿಗಳೇ ಕಪ್ಪಾಗುತ್ತವೆ. ಅದಕ್ಕೆ 2 ವ್ಯಾಟ್‌ದು ಬೇಕು, ಆಮೇಲೂ ಅದು ಮುಟ್ಟಲಾಗದಷ್ಟು ಬಿಸಿಯಾಗಬಹುದು, 3 ವ್ಯಾಟ್‌ದು ಹಾಕಿದರೆ ಇನ್ನೂ ನೆಮ್ಮದಿ. ಆ ಅಂಗಡಿಯ ಮಾಲೀಕರು ಕೇಳುವ ಪ್ರಶ್ನೆಯನ್ನು ನಮ್ಮ ಪ್ರಶ್ನೆಪತ್ರಿಕೆ ಕೇಳುವುದಿಲ್ಲ.

ಇದು ಯಾಕೆ ಗಮನಕ್ಕೆ ಬರುವುದಿಲ್ಲ ಅಂತಲೂ ಹೇಳುತ್ತೇನೆ. ಈಗ ಮಕ್ಕಳು ಕಲಿಯುವುದು 5 ವೋಲ್ಟ್ ಕಿಟ್‌ಗಳಲ್ಲಿ. 5 ವೋಲ್ಟ್, 1 ಕೆ ರೆಸಿಸ್ಟರ್ ಅಂದರೆ 25 ಮಿಲಿವ್ಯಾಟ್. ಕ್ವಾರ್ಟರ್ ವ್ಯಾಟ್‌ನ ಹತ್ತನೇ ಒಂದು ಭಾಗ, ಏನೂ ಆಗುವುದಿಲ್ಲ. ರೆಸಿಸ್ಟರ್ ಬಿಸಿಯಾಗುತ್ತದೆ ಅನ್ನುವ ವಿಷಯವೇ ಮನಸ್ಸಿಗೆ ಬರದೆ ವರ್ಷಗಟ್ಟಲೆ ಕಳೆಯಬಹುದು. ಆಮೇಲೆ ಒಂದು ದಿನ ಬೈಕಿಗೆ ಎಲ್‌ಇಡಿ ಹಾಕೋಣ ಅನ್ನಿಸುತ್ತದೆ.

ಬೈಕಿನ ಲೆಕ್ಕ ನನಗೆ ತುಂಬಾ ಇಷ್ಟ, ಸ್ವಲ್ಪ ನಿಧಾನವಾಗಿ ಹೋಗೋಣ. ಬ್ಯಾಟರಿ 12 ವೋಲ್ಟ್. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಹೋಗುತ್ತದೆ, ರೆಸಿಸ್ಟರ್ ಮೇಲೆ 10 ವೋಲ್ಟ್ ಉಳಿಯುತ್ತದೆ. 470 ಓಮ್ ಹಾಕಿದರೆ ಕರೆಂಟ್ ಸುಮಾರು 21 ಮಿಲಿಆಂಪ್. ರೆಸಿಸ್ಟರ್‌ನಲ್ಲಿ 0.21 ವ್ಯಾಟ್. ಕ್ವಾರ್ಟರ್ ಅಂದರೆ 0.25, ಒಳಗೇ ಇದೆ ಅಲ್ವಾ ಅಂತ ಸಮಾಧಾನ ಆಗುತ್ತದೆ. ಆದರೆ ಗಾಡಿ ಸ್ಟಾರ್ಟ್ ಆಗಿ ಬ್ಯಾಟರಿ ಚಾರ್ಜ್ ಆಗುವಾಗ ವೋಲ್ಟೇಜ್ 14ರ ಆಸುಪಾಸಿಗೆ ಏರುತ್ತದೆ. ಈಗ ರೆಸಿಸ್ಟರ್ ಮೇಲೆ 12 ವೋಲ್ಟ್. 144 ಭಾಗಿಸು 470, 0.31 ವ್ಯಾಟ್. ಬ್ಯಾಟರಿ ವೋಲ್ಟೇಜ್ ಏರಿದ್ದು ಬರೀ 2 ವೋಲ್ಟ್, ರೆಸಿಸ್ಟರ್‌ನ ಬಿಸಿ ಏರಿದ್ದು ಶೇಕಡ 44! ವೋಲ್ಟೇಜ್‌ನ ವರ್ಗ ಅನ್ನುವುದರ ತಾಕತ್ತು ಇದು. ಅದೂ ಅಲ್ಲದೆ ಎಂಜಿನ್ ಪಕ್ಕದ ಸೆಕೆ ಬೇರೆ. ರೆಸಿಸ್ಟರ್‌ಗೆ ತಯಾರಕರು ಹೇಳುವ ವ್ಯಾಟ್ ಸಾಮಾನ್ಯವಾಗಿ 70 ಡಿಗ್ರಿ ತನಕದ ಸುತ್ತಲಿನ ಬಿಸಿಗೆ ಮಾತ್ರ. ಅದಕ್ಕಿಂತ ಮೇಲೆ ಹೋದಂತೆ ಅದು ತಡೆಯುವ ವ್ಯಾಟ್ ಇಳಿಯುತ್ತಾ ಹೋಗುತ್ತದೆ. ಹಾಗಾಗಿಯೇ ಲೆಕ್ಕದಲ್ಲಿ ಬಂದದ್ದರ ಎರಡು ಪಟ್ಟು ವ್ಯಾಟ್‌ನ ರೆಸಿಸ್ಟರ್ ಹಾಕುವುದು ರೂಢಿ. ಇಲ್ಲಿ ಕನಿಷ್ಠ ಹಾಫ್ ವ್ಯಾಟ್ ಬೇಕೇ ಬೇಕು, ರೂಢಿಯಂತೆ ಹೋದರೆ 1 ವ್ಯಾಟ್‌ದು.

ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಸಿಗುತ್ತದೆ. ಎಲ್‌ಇಡಿಗೆ ಹೋದದ್ದು 2 ವೋಲ್ಟ್, ರೆಸಿಸ್ಟರ್‌ಗೆ 10 ವೋಲ್ಟ್, ಕರೆಂಟ್ ಒಂದೇ. ಅಂದರೆ ಬೆಳಕು ಕೊಡುವ ಭಾಗಕ್ಕಿಂತ ಐದು ಪಟ್ಟು ಪವರ್ ಸುಮ್ನೆ ಬಿಸಿಯಾಗಿ ಹೋಗುತ್ತಿದೆ. ಮೂರು ಕೆಂಪು ಎಲ್‌ಇಡಿಯನ್ನು ಸೀರೀಸ್‌ನಲ್ಲಿ ಹಾಕಿ 330 ಓಮ್ ಕೊಟ್ಟು ನೋಡಿ. 18 ಮಿಲಿಆಂಪ್, ರೆಸಿಸ್ಟರ್‌ನಲ್ಲಿ 0.11 ವ್ಯಾಟ್. ದೀಪ ಮೂರಾಯಿತು, ರೆಸಿಸ್ಟರ್‌ನ ಬಿಸಿ ಅರ್ಧವಾಯಿತು. ಪವರ್ ಲೆಕ್ಕ ಬಂದವರಿಗೆ ಮಾತ್ರ ಈ ಯೋಚನೆ ಹೊಳೆಯುತ್ತದೆ. ನಾನು ಈ ಲೆಕ್ಕದ ಹಿಂದೆ ಬಿದ್ದಿರುವುದು ಇದಕ್ಕೇ.

ಈ ಐ ಸ್ಕ್ವೇರ್ ಆರ್ ಕಂಡುಹಿಡಿದ ವಿಜ್ಞಾನಿ ಜೇಮ್ಸ್ ಜೌಲ್ ಶುರು ಮಾಡಿದ್ದೇ ಬಿಸಿಯಿಂದ, ಅದನ್ನು ನಾವು ಮರೆತಿದ್ದೇವೆ. ಇಂಗ್ಲೆಂಡಿನ ಸಾಲ್‌ಫರ್ಡ್‌ನವರು, ಮನೆಯವರದು ಬಿಯರ್ ತಯಾರಿಸುವ ವ್ಯಾಪಾರ. 1840ರ ಹೊತ್ತಿಗೆ ಅವರಿಗೆ ಇಪ್ಪತ್ತೆರಡರ ಆಸುಪಾಸು. ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಕರೆಂಟ್ ಹರಿಸಿ, ಥರ್ಮಾಮೀಟರ್ ಇಟ್ಟು ನೀರು ಎಷ್ಟು ಬಿಸಿಯಾಯಿತು ಅಂತ ಅಳೆದರು. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಐ ಸ್ಕ್ವೇರ್ ಆರ್ ಹುಟ್ಟಿದ್ದು ಹಾಗೆ. 1841ರಲ್ಲಿ ಅದನ್ನು ಪ್ರಕಟಿಸಿದರು. ನಾವು ಆ ನೀರು, ಆ ಥರ್ಮಾಮೀಟರ್ ಎರಡನ್ನೂ ತೆಗೆದುಹಾಕಿ ಸೂತ್ರವನ್ನು ಮಾತ್ರ ಮಕ್ಕಳ ಕೈಗೆ ಕೊಟ್ಟೆವು.

ಇದೇ ವರ್ಗದ ಲೆಕ್ಕ ನಮ್ಮ ನಾಡಿನ ಚರಿತ್ರೆಯಲ್ಲೂ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು, ಸುಮಾರು 147 ಕಿಲೋಮೀಟರ್ ದೂರ. ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸದೆ ಆ ಕೆಲಸ ಆಗುತ್ತಿರಲಿಲ್ಲ. ಅದೇ ಪವರನ್ನು ನೂರು ಪಟ್ಟು ವೋಲ್ಟೇಜ್‌ನಲ್ಲಿ ಕಳಿಸಿದರೆ ಕರೆಂಟ್ ನೂರರಲ್ಲಿ ಒಂದು ಭಾಗ, ಅದೇ ತಂತಿಯಲ್ಲಿ ಪೋಲಾಗುವ ಬಿಸಿ ಹತ್ತು ಸಾವಿರದಲ್ಲಿ ಒಂದು ಭಾಗ. ಐ ಸ್ಕ್ವೇರ್ ಆರ್ ಪಾಠ ಮಾಡುವಾಗ ಶಿವನಸಮುದ್ರದ ಹೆಸರು ಹೇಳದ ಕರ್ನಾಟಕದ ಮೇಷ್ಟ್ರಿದ್ದರೆ ದಯವಿಟ್ಟು ನಾಳೆಯಿಂದ ಹೇಳಿ.

ಪಾಠ ಮಾಡುವವರು ನನಗೆ ಹೇಳುವ ಮಾತು ಗೊತ್ತು. ಸಿಲೆಬಸ್ ದೊಡ್ಡದು, ಟೈಮ್ ಇಲ್ಲ, ವ್ಯಾಟ್ ರೇಟಿಂಗ್ ಎಲ್ಲ ಐಟಿಐ, ಡಿಪ್ಲೊಮಾದವರಿಗೆ. ಮೊದಲ ಎರಡು ನಿಜ. ಮೂರನೆಯದನ್ನು ನಾನು ಒಪ್ಪುವುದಿಲ್ಲ. ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ಓಮ್ ನಿಯಮ, ಜೌಲ್ ನಿಯಮ, ಫ್ಯೂಸ್, ಪವರ್ ನಾಲ್ಕೂ ಒಂದೇ ಪಾಠದಲ್ಲಿವೆ. ಹೊಸದಾಗಿ ಏನನ್ನೂ ಸೇರಿಸಬೇಕಾಗಿಲ್ಲ. ಪ್ರತಿ ಲೆಕ್ಕದ ಕೊನೆಗೆ ಒಂದು ಸಾಲು ಸಾಕು: ಇಷ್ಟು ಬಿಸಿಯನ್ನು ಈ ರೆಸಿಸ್ಟರ್ ತಡೆಯುತ್ತದಾ? ಅದಕ್ಕೊಂದು ಮಾರ್ಕ್ ಇಡಿ. ಮಾರ್ಕ್ ಇದ್ದರೆ ಟ್ಯೂಷನ್‌ನವರೂ ಹೇಳಿಕೊಡುತ್ತಾರೆ, ಗೈಡ್‌ನವರೂ ಹಾಕುತ್ತಾರೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಇದು ಬರೀ ಎಲೆಕ್ಟ್ರಾನಿಕ್ಸ್ ಹುಚ್ಚು ಇರುವವರ ವಿಷಯ ಅಲ್ಲ. ನಿಮ್ಮ ಬಚ್ಚಲುಮನೆಯ ಗೀಸರ್ ತೆಗೆದುಕೊಳ್ಳಿ. 2000 ವ್ಯಾಟ್, 230 ವೋಲ್ಟ್. ಕರೆಂಟ್ ಸುಮಾರು 8.7 ಆಂಪ್. ಸಾಕೆಟ್ ಹಳೆಯದಾಗಿ, ಒಳಗಿನ ಪಟ್ಟಿ ಸಡಿಲವಾಗಿ, ಪ್ಲಗ್‌ನ ಪಿನ್ ಸರಿಯಾಗಿ ಕೂರುತ್ತಿಲ್ಲ ಅಂದುಕೊಳ್ಳಿ. ಆ ಲೂಸ್ ಕಾಂಟ್ಯಾಕ್ಟ್ ಕೂಡ ಒಂದು ರೆಸಿಸ್ಟರೇ. ಅಂಗಡಿಯಿಂದ ತಂದದ್ದಲ್ಲ, ಬಣ್ಣದ ಪಟ್ಟಿ ಇಲ್ಲ, ಅಷ್ಟೇ. ಅದು 0.3 ಓಮ್ ಇದೆ ಅಂತಿಟ್ಟುಕೊಳ್ಳಿ. ಗೀಸರ್ ಕಾಯಿಲ್‌ನ 26 ಓಮ್ ಮುಂದೆ ಅದು ಲೆಕ್ಕಕ್ಕೇ ಇಲ್ಲ, ಕರೆಂಟ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಐ ಸ್ಕ್ವೇರ್ ಆರ್ ಹಾಕಿ. ಸುಮಾರು 22 ವ್ಯಾಟ್. ಅಂಗಡಿಯಲ್ಲಿ ಸಿಗುವ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟ್, ಅದು ಬೆಸುಗೆಯ ಲೋಹವನ್ನು ಕರಗಿಸುತ್ತದೆ. ಹೆಚ್ಚುಕಡಿಮೆ ಅಂಥದ್ದೊಂದು ನಿಮ್ಮ ಪ್ಲಾಸ್ಟಿಕ್ ಸಾಕೆಟ್ ಒಳಗೆ ಕೂತು ಕಾಯುತ್ತಿದೆ.

ಎಂಸಿಬಿ, ಅಂದರೆ ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಮನೆಯ ಸ್ವಿಚ್, ಟ್ರಿಪ್ ಆಗುವುದಿಲ್ಲವಾ ಅಂತ ಕೇಳುತ್ತೀರಿ. ಆಗುವುದಿಲ್ಲ! ಎಂಸಿಬಿ ನೋಡುವುದು ಕರೆಂಟನ್ನು. ಕರೆಂಟ್ ಜಾಸ್ತಿಯಾಗಿಲ್ಲ, ನಿಜ ಹೇಳಬೇಕೆಂದರೆ ಕೂದಲೆಳೆಯಷ್ಟು ಕಡಿಮೆಯೇ ಆಗಿದೆ. ಗೀಸರ್‌ನಲ್ಲೂ ಗೊತ್ತಾಗುವುದಿಲ್ಲ, 230ರಲ್ಲಿ ಎರಡೂವರೆ ವೋಲ್ಟ್ ಕಡಿಮೆಯಾದರೆ ನೀರು ಕಾಯುವುದು ಎಷ್ಟು ತಡವಾದೀತು? ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿದರೆ ಆ ಜಾಗದಲ್ಲಿ ಬಿಸಿ ಲೆಕ್ಕಕ್ಕೇ ಸಿಗುವುದಿಲ್ಲ, ಹಾಗಾಗಿ ಸಾಕೆಟ್ ಚೆನ್ನಾಗಿದೆ ಅಂತಲೇ ಅನ್ನಿಸುತ್ತದೆ. ಇನ್ನೂ ಕೆಟ್ಟ ವಿಷಯ ಏನೆಂದರೆ, ಬಿಸಿಗೆ ಒಳಗಿನ ಪಟ್ಟಿಯ ಬಿಗಿ ಹೋಗುತ್ತದೆ, ಲೋಹದ ಮೇಲೆ ಕಪ್ಪು ಪದರ ಕೂರುತ್ತದೆ, 0.3 ಓಮ್ ಇದ್ದದ್ದು 0.4 ಆಗುತ್ತದೆ, ಕರೆಂಟನ್ನು ಗೀಸರ್ ಹಿಡಿದಿಟ್ಟಿರುವುದರಿಂದ ಆರ್ ಏರಿದಷ್ಟೂ ಬಿಸಿಯೂ ಏರುತ್ತದೆ, ಬಿಸಿ ಏರಿದಷ್ಟೂ ಆರ್ ಏರುತ್ತದೆ. ಕೊನೆಗೆ ಒಂದು ದಿನ ಸುಟ್ಟ ವಾಸನೆ. "ಓವರ್‌ಲೋಡ್ ಆಗಿತ್ತು" ಅನ್ನುತ್ತಾರೆ ಮನೆಯವರು. ಓವರ್‌ಲೋಡ್ ಆಗಿರಲೇ ಇಲ್ಲ. ಆರು ತಿಂಗಳಿಂದ 22 ವ್ಯಾಟ್ ಒಂದು ಚುಕ್ಕೆಯಷ್ಟು ಜಾಗದಲ್ಲಿ ಕೂತಿತ್ತು, ಅದನ್ನು ಲೆಕ್ಕ ಹಾಕಿದವರು ಯಾರೂ ಇರಲಿಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಗೀಸರ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ, ಇವುಗಳನ್ನು ಹದಿನೈದು ನಿಮಿಷ ಬಳಸಿದ ಮೇಲೆ ಸ್ವಿಚ್ ಆಫ್ ಮಾಡಿ, ಒಣಗಿದ ಕೈಯಲ್ಲಿ ಪ್ಲಗ್‌ನ ಪ್ಲಾಸ್ಟಿಕ್ ಭಾಗವನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿಯಿದ್ದರೆ, ಪಿನ್ ಸುತ್ತ ಕಂದು ಬಣ್ಣ ಬಂದಿದ್ದರೆ, ಅದನ್ನು ಬಳಸುವುದು ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಬದಲಾಯಿಸಲು ಹೇಳಿ. ಬರೀ ಸಾಕೆಟ್ ಬದಲಾಯಿಸಿ ಸುಟ್ಟ ಪಿನ್‌ನ ಹಳೇ ಪ್ಲಗ್ಗನ್ನೇ ಚುಚ್ಚಿದರೆ ಆ ಹೊಸ ಸಾಕೆಟ್ ಕೂಡ ಅದೇ ರೀತಿ ಹಾಳಾಗುತ್ತದೆ.