ಏನು ಸಿಕ್ಕರೆ ನೀನು ಒಪ್ಪುತ್ತೀಯ?

ಕೇಳುಗರೇ, ನಮಸ್ಕಾರ.

2023ರ ಜುಲೈ ಕೊನೆಯ ವಾರ. ರಾತ್ರಿ ಹನ್ನೊಂದು ದಾಟಿತ್ತು. ಗೆಳೆಯನೊಬ್ಬ ನನ್ನ ಮೊಬೈಲಿಗೆ ಒಂದು ವಿಡಿಯೊ ಕಳಿಸಿದ. ಒಂದು ಅಯಸ್ಕಾಂತ, ಅದರ ಮೇಲೆ ಸಣ್ಣದೊಂದು ಕಪ್ಪು ಚೂರು. ಚೂರಿನ ಒಂದು ಅಂಚು ಗಾಳಿಯಲ್ಲಿ ಎದ್ದು ನಿಂತಿದೆ. ಇನ್ನೊಂದು ಅಂಚು ಅಯಸ್ಕಾಂತಕ್ಕೆ ತಾಗಿಕೊಂಡೇ ಇದೆ. ಕೆಳಗೆ "ನೋಡು, ಇನ್ಮೇಲೆ ಜಗತ್ತೇ ಬೇರೆ" ಅಂತ ಬರೆದಿದ್ದ.

ಆ ಚೂರಿನ ಹೆಸರು ಎಲ್‌ಕೆ-99. ದಕ್ಷಿಣ ಕೊರಿಯಾದ ಸಂಶೋಧಕರು ಸೀಸ, ತಾಮ್ರ, ರಂಜಕ, ಆಮ್ಲಜನಕ ಕೂಡಿಸಿ ಮಾಡಿದ್ದು. ಮಾಮೂಲಿ ಕೋಣೆಯ ಶಾಖದಲ್ಲೇ ಇದು ಸೂಪರ್‌ಕಂಡಕ್ಟರ್ ಆಗಿ ಕೆಲಸ ಮಾಡುತ್ತದೆ ಅಂತ ಅವರು ಹೇಳಿದ್ದರು. ಸೂಪರ್‌ಕಂಡಕ್ಟರ್ ಅಂದರೆ ವಿದ್ಯುತ್ತಿನ ಹರಿವಿಗೆ ಒಂಚೂರೂ ತಡೆ ಒಡ್ಡದ ವಸ್ತು. ಅದು ಅಯಸ್ಕಾಂತದ ಮೇಲೆ ತೇಲಲೂ ಬಲ್ಲದು. ಈ ಗುಣ ಮೊದಲು ಕಂಡದ್ದು 1911ರಲ್ಲಿ, ಪಾದರಸದಲ್ಲಿ. ಅದಕ್ಕೆ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ ಬೇಕಾಗಿತ್ತು. ಅಂಥದ್ದು ನಾವು ಕೂತಿರುವ ಕೋಣೆಯಲ್ಲೇ ಆಗುತ್ತದೆ ಅಂದರೆ ಯಾರಿಗೆ ತಾನೇ ನಿದ್ದೆ ಬರುತ್ತದೆ?

ಅವನು ನಂಬಿದ. ನಾನು ನಂಬಲಿಲ್ಲ. ಎರಡು ಗಂಟೆ ಕಾಲ ಜಗ್ಗಾಡಿದೆವು. ಹೊಸದು ಏನೇ ಬಂದರೂ ನಿನಗೆ ಅನುಮಾನ ಅಂತ ಅವನು. ವಿಡಿಯೊ ನೋಡಿ ಕುಣಿಯೋದು ಬಿಡು ಅಂತ ನಾನು. ಬೆಳಿಗ್ಗೆ ಎದ್ದು ಆ ಮಾತುಗಳನ್ನೆಲ್ಲ ಮತ್ತೆ ಓದಿದೆ. ಅವನು ನನ್ನ ಬಗ್ಗೆ ಹೇಳಿದ್ದ, ನಾನು ಅವನ ಬಗ್ಗೆ ಹೇಳಿದ್ದೆ. ಆ ಕಪ್ಪು ಚೂರಿನ ಬಗ್ಗೆ ಇಬ್ಬರೂ ಏನೂ ಹೇಳಿರಲಿಲ್ಲ.

ಕೊನೆಯಲ್ಲಿ ಒಂದು ಮಾತು ಮಾತ್ರ ಬೇರೆ ಥರ ಇತ್ತು. ರಾತ್ರಿ ಒಂದು ಗಂಟೆ ಹೊತ್ತಿಗೆ ಅವನು ಕೇಳಿದ್ದ: "ಸರಿ, ಏನು ಸಿಕ್ಕರೆ ನೀನು ಒಪ್ಪುತ್ತೀಯ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತು ನಿಮಿಷ ಕೂತು ಯೋಚನೆ ಮಾಡಿ ಬರೆದೆ. ಬೇರೆ ಪ್ರಯೋಗಾಲಯದವರು ತಾವೇ ಆ ವಸ್ತು ಮಾಡಬೇಕು. ಅದರ ತಡೆ ಸೊನ್ನೆಗೆ ಇಳಿಯಬೇಕು. ಚೂರು ಪೂರ್ತಿ ತೇಲಬೇಕು, ಒಂದು ಅಂಚು ತಾಗಿಕೊಂಡಿದ್ದರೆ ಲೆಕ್ಕಕ್ಕಿಲ್ಲ. ಆಮೇಲೆ ನಾನೂ ಅದನ್ನೇ ಕೇಳಿದೆ. ಮೂರು ಕಡೆ ಮಾಡಿ ನೋಡಿಯೂ ಸಿಗದಿದ್ದರೆ ಬಿಟ್ಟುಬಿಡುತ್ತೇನೆ ಅಂದ. ಅಲ್ಲಿಗೆ ಜಗಳ ನಿಂತಿತು. ಇಬ್ಬರೂ ಮಲಗಿದೆವು.

ಆಗಸ್ಟ್ ಮಧ್ಯದ ಹೊತ್ತಿಗೆ ಉತ್ತರ ಬಂತು. ಹಲವು ದೇಶಗಳಲ್ಲಿ ಮಾಡಿ ನೋಡಿದ್ದರು. ಆ ಚೂರಿನೊಳಗೆ ತಾಮ್ರದ ಸಲ್ಫೈಡ್ ಕಲಬೆರಕೆಯಾಗಿ ಸೇರಿಕೊಂಡಿತ್ತು. ಅದಕ್ಕೆ ಸುಮಾರು 104 ಡಿಗ್ರಿಯಲ್ಲಿ ಒಳರಚನೆ ಬದಲಾಗುವ ಗುಣ ಇದೆ. ಆಗ ತಡೆ ಧಡಕ್ಕನೆ ಇಳಿಯುತ್ತದೆ. ಕೊರಿಯಾದವರು ಕಂಡ ಇಳಿತವೂ ಅದೇ ಶಾಖದ ಹತ್ತಿರ. ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಕಲಬೆರಕೆ ಇಲ್ಲದ ಹರಳು ಬೆಳೆಸಿದರು. ಅದು ನೇರಳೆ ಬಣ್ಣದ, ಬೆಳಕು ಹಾಯುವ ಹರಳು. ವಿದ್ಯುತ್ತನ್ನು ಹರಿಯಲು ಬಿಡುವ ಜಾತಿಯೇ ಅಲ್ಲ. ಅಂಚು ಎದ್ದು ನಿಂತಿದ್ದಕ್ಕೆ ಸಾಮಾನ್ಯ ಅಯಸ್ಕಾಂತ ಗುಣವೇ ಸಾಕಿತ್ತು.

ಗೆಳೆಯ ಒಂದೇ ಪದ ಕಳಿಸಿದ: "ಬಿಟ್ಟೆ." ಗೆದ್ದೆ ಅಂತ ನನಗೆ ಖುಷಿ ಆಗಲಿಲ್ಲ. ಅವನ ಮೇಲಿನ ಗೌರವ ಜಾಸ್ತಿ ಆಯಿತು.

ಅವನು ಆ ರಾತ್ರಿ ಕೇಳಿದ ಪ್ರಶ್ನೆಯ ಬಗ್ಗೆಯೇ ಇವತ್ತು ನಿಮ್ಮ ಜೊತೆ ಮಾತಾಡಬೇಕು ಅಂತ ಬಂದಿದ್ದೇನೆ. ನಾವೆಲ್ಲ ದಿನವೂ ವಾದ ಮಾಡುತ್ತೇವೆ. ವಿಜ್ಞಾನ, ಹೊಸ ಯಂತ್ರ, ಇವತ್ತಿನ ಸುದ್ದಿ, ಯಾವುದನ್ನೂ ಬಿಡುವುದಿಲ್ಲ. ವಾದ ಬೇಡ ಅಂತ ನಾನು ಹೇಳುವುದಿಲ್ಲ. ನನಗೆ ವಾದ ಇಷ್ಟ. ಆದರೆ ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳದ ವಾದ ಎಲ್ಲಿಗೂ ಹೋಗಿ ಮುಟ್ಟಿದ್ದನ್ನು ನಾನು ಕಂಡಿಲ್ಲ.

ವಿಜ್ಞಾನಿಗಳೇ ಇದನ್ನು ಎಷ್ಟು ಚೆನ್ನಾಗಿ ಮಾಡಬಲ್ಲರು ನೋಡಿ. 2011ರ ಸೆಪ್ಟೆಂಬರ್. ಜಿನೀವಾ ಹತ್ತಿರದ ಸರ್ನ್ ಅನ್ನುವ ಭೌತವಿಜ್ಞಾನ ಕೇಂದ್ರದಿಂದ ಇಟಲಿಯ ಗ್ರಾನ್ ಸಾಸೊ ಬೆಟ್ಟದ ಅಡಿಯ ಪ್ರಯೋಗಾಲಯಕ್ಕೆ ನ್ಯೂಟ್ರಿನೊ ಅನ್ನುವ ಕಣಗಳನ್ನು ಬಿಡುತ್ತಿದ್ದರು. ನೆಲದೊಳಗೇ 730 ಕಿಲೋಮೀಟರ್ ಓಟ. ಒಪೆರಾ ಅನ್ನುವ ತಂಡ ಸಮಯ ಅಳೆಯಿತು. ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ಬಂದುಬಿಟ್ಟಿದ್ದವು! ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕು ಹೋಗುವುದು ಸುಮಾರು ಒಂದು ಅಡಿ. ಅಂದರೆ 730 ಕಿಲೋಮೀಟರ್ ಓಟದಲ್ಲಿ ಈ ಕಣಗಳು ಬೆಳಕಿಗಿಂತ 18 ಮೀಟರ್ ಮುಂದಿದ್ದವು. ಅಷ್ಟೇ. ಆದರೆ ಅದು ನಿಜವಾಗಿದ್ದರೆ, ಬೆಳಕನ್ನು ಯಾವುದೂ ಹಿಂದೆ ಹಾಕಲಾರದು ಅಂತ 1905ರಲ್ಲಿ ಐನ್‌ಸ್ಟೈನ್ ಹೇಳಿದಾಗಿನಿಂದ ನಾವು ಕಲಿತ ಭೌತವಿಜ್ಞಾನದ ಬುಡವೇ ಅಲ್ಲಾಡುತ್ತಿತ್ತು.

ಆ ತಂಡ ಐನ್‌ಸ್ಟೈನ್ ತಪ್ಪು ಅಂತ ಸಾರಲಿಲ್ಲ. ನಾವು ತಿಂಗಳುಗಟ್ಟಲೆ ಹುಡುಕಿದೆವು, ನಮ್ಮ ತಪ್ಪು ನಮಗೆ ಸಿಗುತ್ತಿಲ್ಲ, ದಯವಿಟ್ಟು ನೀವೂ ಹುಡುಕಿ ಅಂತ ಎಲ್ಲರ ಮುಂದೆ ಇಟ್ಟಿತು. ಎಷ್ಟು ಗಟ್ಟಿ ಎದೆ ಬೇಕು ಅದಕ್ಕೆ!

ಬೇರೆಯವರು ಹಳೆಯ ದಾಖಲೆ ತೆಗೆದರು. 1987ರಲ್ಲಿ ಸುಮಾರು 1,68,000 ಜ್ಯೋತಿರ್ವರ್ಷ ದೂರದಲ್ಲಿ ನಕ್ಷತ್ರವೊಂದು ಸಿಡಿದದ್ದು ಇಲ್ಲಿ ಕಂಡಿತ್ತು. ಅದರ ನ್ಯೂಟ್ರಿನೊಗಳು ಬೆಳಕಿಗಿಂತ ಕೆಲವೇ ಗಂಟೆ ಮುಂಚೆ ಬಂದಿದ್ದವು. ಸಿಡಿದ ನಕ್ಷತ್ರದ ಪದರಗಳನ್ನು ದಾಟಿ ಹೊರಬರಲು ಬೆಳಕಿಗೆ ಹೊತ್ತು ಹಿಡಿಯುತ್ತದೆ, ಹಾಗಾಗಿ ಆ ಅಂತರ. ಒಪೆರಾ ಅಳೆದ ವೇಗದಲ್ಲಿ ಓಡಿದ್ದರೆ ಅವು ಸುಮಾರು ನಾಲ್ಕು ವರ್ಷ ಮೊದಲೇ ಬಂದಿರಬೇಕಿತ್ತು. ನನಗೆ ಈ ಲೆಕ್ಕ ತುಂಬಾ ಇಷ್ಟ. ಯಾರನ್ನೂ ಬೈಯದೆ, ಆಕಾಶದ ಒಂದು ಘಟನೆಯನ್ನು ತಂದು ಪಕ್ಕದಲ್ಲಿಟ್ಟು ಹೋಲಿಸಿದ್ದು.

ತಪ್ಪನ್ನು ಹಿಡಿದವರೂ ಒಪೆರಾ ತಂಡದವರೇ. 2012ರ ಫೆಬ್ರವರಿಯಲ್ಲಿ ಅದನ್ನು ಹೊರಗೆ ಹೇಳಿದರು. ಜಿಪಿಎಸ್ ಸಮಯವನ್ನು ಗಡಿಯಾರದ ವ್ಯವಸ್ಥೆಗೆ ತರುವ ಒಂದು ಫೈಬರ್ ಕೇಬಲ್. ಅದರ ತುದಿಯ ತಿರುಪು ಪೂರ್ತಿ ಬಿಗಿಯಾಗಿರಲಿಲ್ಲ. ಒಳಗೆ ಹೋಗುವ ಬೆಳಕು ಮಂದವಾಗಿ, ಸಂಕೇತ ಸ್ವಲ್ಪ ತಡವಾಗಿ ಮುಟ್ಟುತ್ತಿತ್ತು. ಗಡಿಯಾರದಲ್ಲಿ ಇನ್ನೊಂದು ದೋಷವೂ ಇತ್ತು. ಸರಿಪಡಿಸಿ ಅಳೆದಾಗ ಕಣಗಳು ಬೆಳಕನ್ನು ಹಿಂದೆ ಹಾಕಿರಲಿಲ್ಲ. ಅದೇ ಬೆಟ್ಟದ ಅಡಿಯ ಇಕಾರಸ್ ತಂಡದ ಅಳತೆಯೂ ಅದನ್ನೇ ಹೇಳಿತು.

ಸುದ್ದಿಯ ವಿಚಾರಕ್ಕೆ ಬಂದರೆ ಇಷ್ಟು ಸಲೀಸಾಗಿ ಅಳೆಯಲು ಆಗುವುದಿಲ್ಲ, ಅಲ್ವಾ? ಆದರೂ ಇಬ್ಬರು ಪ್ರಯತ್ನ ಮಾಡಿದ್ದರು. ಜೀವವಿಜ್ಞಾನಿ ಪಾಲ್ ಎರ್ಲಿಕ್, ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್. ಜನ ಹೆಚ್ಚಾದಂತೆ ಎಲ್ಲವೂ ಬರಿದಾಗುತ್ತದೆ ಅಂತ ಎರ್ಲಿಕ್. ಮನುಷ್ಯ ದಾರಿ ಹುಡುಕಿಕೊಳ್ಳುತ್ತಾನೆ ಅಂತ ಸೈಮನ್. 1980ರಲ್ಲಿ ಪಂಥ ಕಟ್ಟಿದರು. ತಾಮ್ರ, ಕ್ರೋಮಿಯಂ, ನಿಕಲ್, ತವರ, ಟಂಗ್‌ಸ್ಟನ್, ಒಂದೊಂದೂ 200 ಡಾಲರಿನಷ್ಟು. ಹಣದುಬ್ಬರ ಕಳೆದು ಹತ್ತು ವರ್ಷದಲ್ಲಿ ಬೆಲೆ ಏರಿದರೆ ಆ ವ್ಯತ್ಯಾಸವನ್ನು ಸೈಮನ್ ಕೊಡಬೇಕು, ಇಳಿದರೆ ಎರ್ಲಿಕ್. 1990ರಲ್ಲಿ ಎರ್ಲಿಕ್ 576 ಡಾಲರ್ 7 ಸೆಂಟಿನ ಚೆಕ್ ಕಳಿಸಿದರು.

ಇದರಿಂದ ದೊಡ್ಡ ಪ್ರಶ್ನೆ ಮುಗಿಯಿತಾ? ಇಲ್ಲ. ಬೇರೆ ಹತ್ತು ವರ್ಷ ಆರಿಸಿಕೊಂಡಿದ್ದರೆ ಎಷ್ಟೋ ಸಲ ಎರ್ಲಿಕ್ಕೇ ಗೆಲ್ಲುತ್ತಿದ್ದರು. ಲೋಹದ ಬೆಲೆ ನೋಡಿ ಭೂಮಿಯ ಆರೋಗ್ಯ ಪೂರ್ತಿ ಹೇಳಲಿಕ್ಕೂ ಆಗುವುದಿಲ್ಲ. ಆದರೂ ಇಬ್ಬರೂ ತಮ್ಮ ಮಾತಿಗೆ ದಿನಾಂಕ ಹಾಕಿದ್ದರು. ನನಗೆ ಅಷ್ಟು ಸಾಕು.

ಇನ್ನು, ಒಂದೇ ಪದವನ್ನು ಇಬ್ಬರು ಎರಡು ಥರ ಕೇಳಿಸಿಕೊಂಡು ಜಗಳವಾಡುವುದೂ ಉಂಟು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊಬೈಲಿನ ರೇಡಿಯೊ ಅಲೆಗಳನ್ನು 2ಬಿ ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು ಅನ್ನುವ ಗುಂಪು ಅದು. ತುಂಬಾ ಜನ ಅದನ್ನು ಅಪಾಯದ ಅಳತೆ ಅಂದುಕೊಂಡರು. ಆ ಗುಂಪುಗಳು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಅನ್ನುವುದನ್ನು. ಅಪಾಯ ಎಷ್ಟು ದೊಡ್ಡದು ಅನ್ನುವುದು ಬೇರೆ ಲೆಕ್ಕ. ತಂಬಾಕು ಮತ್ತು ಸಂಸ್ಕರಿಸಿದ ಮಾಂಸ ಎರಡೂ ಒಂದನೇ ಗುಂಪಿನಲ್ಲೇ ಇವೆ. ಹಾಗಂತ ಎರಡರ ಅಪಾಯವೂ ಒಂದೇ ಅಲ್ಲ.

ಇದನ್ನೆಲ್ಲ ನಾನು ಒಮ್ಮೆ ಪರಿಚಯದ ಹಿರಿಯರೊಬ್ಬರಿಗೆ ವಿವರಿಸುತ್ತಿದ್ದೆ. ಅವರಿಗೆ ಮೊಬೈಲ್ ಟವರ್ ಅಂದರೆ ಆಗುತ್ತಿರಲಿಲ್ಲ. ಅರ್ಧ ಗಂಟೆ ಆದಮೇಲೆ ಕೇಳಿದೆ: "ಏನು ಸಿಕ್ಕರೆ ನೀವು ಒಪ್ಪುತ್ತೀರಿ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಏನು ಸಿಕ್ಕರೂ ಅಷ್ಟೇ ಕಣಪ್ಪಾ. ನಮ್ಮನೆಯವಳು ಅದೇ ಕಾಯಿಲೆಯಲ್ಲಿ ಹೋದಳು. ಯಾಕೆ ಬಂತು ಅಂತ ಯಾರೂ ಹೇಳಲಿಲ್ಲ" ಅಂದರು. ನಾನು ಅಲ್ಲಿಗೆ ಟವರಿನ ಮಾತು ಬಿಟ್ಟೆ. ಅವರ ಹೆಂಡತಿಯ ಬಗ್ಗೆ ಕೇಳಿದೆ. ಸಂಜೆವರೆಗೂ ಹೇಳಿದರು. ಆ ಪ್ರಶ್ನೆಯನ್ನು ನಾನು ಮೊದಲೇ ಕೇಳಬೇಕಿತ್ತು. ಸುಮ್ನೆ ಅರ್ಧ ಗಂಟೆ ಅವರಿಗೆ ನೋವು ಕೊಟ್ಟೆ.

ಈಗ ನಮ್ಮ ಗೆಳೆಯನ ಜೊತೆ ನಡೆಯುತ್ತಿರುವುದು ಕೃತಕ ಬುದ್ಧಿಮತ್ತೆಯ ವಾದ. ಯಂತ್ರಕ್ಕೆ ಅರ್ಥ ಆಗುತ್ತದೆ ಅಂತ ಅವನು, ಇಲ್ಲ ಅಂತ ನಾನು. ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲೇ ಈ ಜಗಳ ಕಂಡಿದ್ದರು. ಯಂತ್ರ ಯೋಚಿಸುತ್ತದೆಯೇ ಅನ್ನುವ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಪರೀಕ್ಷೆ ಮಾಡಬಹುದಾದ ಒಂದು ಆಟವನ್ನು ಅದರ ಜಾಗದಲ್ಲಿ ಇಟ್ಟರು: ಮುಖ ನೋಡದೆ ಪ್ರಶ್ನೆ ಕೇಳಿ, ಉತ್ತರ ಕೊಡುತ್ತಿರುವುದು ಮನುಷ್ಯನೋ ಯಂತ್ರವೋ ಅಂತ ಗುರುತಿಸುವ ಆಟ. ಇನ್ನು ಸುಮಾರು ಐವತ್ತು ವರ್ಷದಲ್ಲಿ, ಐದು ನಿಮಿಷ ಪ್ರಶ್ನೆ ಕೇಳಿದ ಸಾಮಾನ್ಯ ಮನುಷ್ಯ ಯಂತ್ರವನ್ನು ಸರಿಯಾಗಿ ಗುರುತಿಸುವುದು ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಇರುವುದಿಲ್ಲ ಅಂತಲೂ ಬರೆದರು.

ನಾವೂ ಎರಡು ಚೀಟಿ ಬರೆದಿಟ್ಟಿದ್ದೇವೆ. ಏನು ಕಂಡರೆ ನಾನು ಒಪ್ಪುತ್ತೇನೆ, ಏನು ಕಾಣದಿದ್ದರೆ ಅವನು ಬಿಡುತ್ತಾನೆ. ಬರೆಯಲು ಮೂರು ಸಂಜೆ ಹಿಡಿಯಿತು. 2030ರ ಜನವರಿ ಒಂದಕ್ಕೆ ತೆಗೆದು ಓದಬೇಕು. ನನ್ನ ಚೀಟಿಯಲ್ಲಿ "ಮೊದಲು ಯಾರೂ ಬಿಡಿಸದ ಹೊಸ ಲೆಕ್ಕ" ಅಂತ ಒಂದು ಸಾಲಿದೆ. ಹೊಸದು ಅಂತ ಯಾವುದಕ್ಕೆ ಹೇಳೋಣ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ನಿನ್ನೆ ರಾತ್ರಿಯೂ ಅದೇ ಮಾತು.

ನಮಸ್ಕಾರ.